ಶಿರವಾಡದ ಅತಿವೇಗದ ಕೇಸು

ಅಂಕೋಲೆಯಿಂದ ಕಾರವಾರಕ್ಕೆ ಕಾರು ಓಡಿಸಿಕೊಂಡು ಹೋಗುವಾಗ ಶಿರವಾಡದ ಹತ್ತಿರ ಪೊಲೀಸರು ನನ್ನ ಮೇಲೆ ಅತಿವೇಗದ ಕೇಸು ಹಾಕಿದರು. ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆದಿಡುವವಳು ನಾನು. ಹಾಗಾಗಿ ಆ ಕೇಸು ಸುಳ್ಳೆಂದು ನನಗೆ ಗೊತ್ತು. ಆದರೂ ಕೋರ್ಟಿನ ಜವಾನ ನನ್ನ ಹೆಸರನ್ನು ಮೂರು ಸಲ ಕೂಗಿದಾಗ, ಊರಿನವರು ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತಲೂ ನೋಡಿದೆ.

“ಅಕ್ಕೋರೆ, ಒಪ್ಪಿಕೊಂಡು ದಂಡ ಕಟ್ಟಿದ್ರೆ ಇವತ್ತೇ ಮುಗೀತದೆ. ಇಲ್ಲ ಅಂದ್ರೆ ಪ್ರತಿ ತಾರೀಖಿಗೂ ಹೀಗೇ ಕೂಗ್ತಾರೆ,” ಎಂದರು ನನ್ನ ವಕೀಲರು.

ತೀರ್ಮಾನವಾಗದೆಯೇ ಒಳಗೆ ಹೋದೆ. ನ್ಯಾಯಾಧೀಶರು “ನೀವು ಅತಿವೇಗವಾಗಿ...” ಎನ್ನುವಷ್ಟರಲ್ಲಿ ಹೆದರಿಕೆಗೆ ನನ್ನ ಬಾಯಿಂದ “ಇಲ್ಲ, ಇಲ್ಲ!” ಎಂದು ಬಂದುಬಿಟ್ಟಿತು. ಕೇಸು ಮುಂದಿನ ತಾರೀಖಿಗೆ ಹೋಯಿತು.

ಹೊರಗೆ ಬಂದ ವಕೀಲರು ತಲೆ ಕೆರೆದುಕೊಂಡರು. “ಅಕ್ಕೋರೆ, ಮುಂದಿನ ಸಲ ಪ್ರಶ್ನೆ ಮುಗಿಯೋ ತನಕ ತಡ್ಕೊಳ್ಳಿ. ಈ ಸ್ಪೀಡ್ ನೋಡಿದ್ರೆ ಪೊಲೀಸರಿಗೆ ಬೇರೆ ಸಾಕ್ಷಿನೇ ಬೇಡ.”