ಹಣಿಗೆಯಲ್ಲಿ ಉಳಿದಿದ್ದ ಸೀರೆ

ಮೇಘಾ, ಪ್ರಣವ, ದೆಹಲಿಯ ಮುನಿರ್ಕಾದ ಮನೆಗೆ ಇಸ್ತ್ರಿಯವನು ನಿಮ್ಮಮ್ಮನ ಸೀರೆಗಳನ್ನು ತಂದಾಗಲೆಲ್ಲ ಈ ಅಜ್ಜಿ ಒಂದನ್ನು ಮೂಗಿಗೆ ಹಿಡಿಯುವುದನ್ನು ನೋಡಿ ನೀವು ನಗುತ್ತಿದ್ದಿರಿ. ಅದು ಗಂಜಿಯ ವಾಸನೆಗಾಗಿ. ಇಳಕಲ್ಲಿನ ಹತ್ತಿರದ ಹಳ್ಳಿಯಲ್ಲಿ ನಾನು ಹುಟ್ಟಿದ ಮನೆಯ ತುಂಬ ಅದೇ ವಾಸನೆ. ನಡುಮನೆಯಲ್ಲಿ ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ನೇಯುತ್ತಿದ್ದವನು ಅಪ್ಪ. ಅವ್ವ ಮಗ್ಗಕ್ಕೆ ಕೂರುತ್ತಿರಲಿಲ್ಲ. ಅವಳದು ಎಳೆ ಕೂಡಿಸುವ ಕೆಲಸ. ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳು, ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆ ಸೇರಿಸಿ, ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯುತ್ತಿದ್ದಳು. ಗಂಟು ಹಾಕಿದರೆ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ನನಗೂ ಅಷ್ಟನ್ನೇ ಕಲಿಸಿದ್ದಳು.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಕೆಮ್ಮಿನಿಂದ ಹಾಸಿಗೆ ಹಿಡಿದ. ಮಗ್ಗದ ಮೇಲೆ ಕೆಂಪು ದಡಿಯ ಕಪ್ಪು ಸೀರೆ. ಮೈ ಮುಗಿದು ಸೆರಗು ಶುರುವಾಗಲು ಇನ್ನೊಂದು ಮೊಳ ಬಾಕಿ. ಅವ್ವ ನೀರಿಗೆ ಹೋಗಿದ್ದಾಗ ನಾನು ಕುಣಿಗಿಳಿದು ಲಾಳಿ ಎಸೆದೆ. ಮೆಟ್ಟುವ ಹಲಗೆಗೆ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ನಾಲ್ಕು ಬೆರಳಗಲ ನೇಯುವುದರಲ್ಲಿ ಅವಳು ಬಂದಳು. ಹಣಿಗೆಯಿಂದ ಹೊಡೆಯುವ ನನ್ನ ಏಟು ಮೆತ್ತಗೆ ಬಿದ್ದು ಬಟ್ಟೆ ಜಾಳುಜಾಳಾಗಿತ್ತು. "ಹಿಟ್ಟು ಸೋಸಾಕ ನೇದಿಯೇನವಾ?" ಎಂದು ಬಿಚ್ಚಲು ಕೂತಳು. ಅಪ್ಪ ಹಾಸಿಗೆಯಿಂದಲೇ ತಡೆದ. "ಬಿಚ್ಚಬ್ಯಾಡ. ಇರ್ಲಿ ಆಕಿ ಕೈ." ಹದಿನೈದು ದಿನಕ್ಕೆ ಅಪ್ಪ ಹೋದ.

ಅದಾಗಿ ಸ್ವಲ್ಪ ದಿನಕ್ಕೆ ನಾನು ಶಾಲೆಯಿಂದ ಬಂದಾಗ ಮಗ್ಗ ಖಾಲಿಯಿತ್ತು. ಅವ್ವ ಸೀರೆಯನ್ನು ಹಣಿಗೆ ಸಮೇತ ಕತ್ತರಿಸಿ, ಸುತ್ತಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಕೇರಿಯ ನೇಕಾರರು ಮುಗಿಸಿಕೊಡುತ್ತೇವೆ ಎಂದರೂ ಕೊಡಲಿಲ್ಲ. ನಾನು ಕೆಡಿಸಿದ್ದಕ್ಕೇ ಹಾಗೆ ಎತ್ತಿಟ್ಟಳೆಂದು ತಿಳಿದೆ. ಅವಳು ತೀರಿಕೊಂಡ ಮೇಲೆ ಟ್ರಂಕು ನನ್ನ ಮನೆಗೆ ಬಂತು. ನಿಮ್ಮ ಅಜ್ಜ ಹೋದ ಮೇಲೆ ಅದರ ಜೊತೆ ನಾನು ದೆಹಲಿಗೆ ಬಂದೆ. ಆ ಸುತ್ತನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ.

ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ನೇಕಾರರ ಊರಾದ ಗುಳೇದಗುಡ್ಡದ ಮುಬೀನಾ ನಿಮಗೆ ನೆನಪಿರಬೇಕು. ಓದುತ್ತಿದ್ದದ್ದೂ ನೇಯ್ಗೆಯನ್ನೇ. ಟ್ರಂಕಿನ ವಿಷಯ ಅವಳಿಗೆ ಹೇಳಿದವಳು ಮೇಘಾ, ನೀನು; ನಾನಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಅವಳು ನೆಲದ ಮೇಲೆ ಸೀರೆ ಹಾಸಿದಳು. ಅಪ್ಪನ ಬಿಗಿ ನೇಯ್ಗೆ, ಆಮೇಲೆ ನನ್ನ ನಾಲ್ಕು ಬೆರಳು. ನಾಚಿಕೆಯಾಗಿ ಅದರ ಮೇಲೆ ಅಂಗೈ ಇಟ್ಟೆ. ಪ್ರಣವ, ನೀನು ನನ್ನ ಕೈಯ ಆಚೆ ತೋರಿಸಿ, "ಅಜ್ಜಿ, ಯೇ ಭೀ ಆಪ್ನೇ ಕಿಯಾ?" ಎಂದು, ಅದನ್ನೂ ನಾನೇ ಮಾಡಿದ್ದೇ ಎಂದು ಕೇಳಿದೆ.

ನನ್ನದಾದ ಮೇಲೂ ಒಂದು ಗೇಣು ಬಟ್ಟೆ ಇತ್ತು. ಅದೂ ಜಾಳು. ಅಡ್ಡ ನೂಲಿನಲ್ಲಿ ಅಲ್ಲಲ್ಲಿ ಬೂದುಬಣ್ಣದ ಚುಕ್ಕೆ. ಲಾಳಿಯ ನೂಲು ಮುಗಿದಾಗ ಅಪ್ಪ ಹೊಸ ತುದಿಯನ್ನು ಹಳೆಯದರ ಪಕ್ಕ ಸುಮ್ಮನೆ ಇಟ್ಟು ನೇಯುತ್ತಿದ್ದ. ಇಲ್ಲಿ ಪ್ರತಿ ತುದಿಯನ್ನೂ ಬೂದಿ ಹಚ್ಚಿ ಹೊಸೆದಿತ್ತು. "ಇದು ನೇಕಾರನ ಕೈ ಅಲ್ಲ ಅಜ್ಜಿ, ಎಳಿ ಹೊಸಿಯೋರ ಕೈ" ಎಂದಳು ಮುಬೀನಾ. ಅಪ್ಪ ಹೋದ ಮೇಲೆ, ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅವ್ವ ಕುಣಿಗಿಳಿದಿದ್ದಳು. ಒಂದು ಗೇಣಿನವರೆಗೆ ಪ್ರಯತ್ನಿಸಿದ್ದಳು. ನನ್ನದನ್ನು ಬಿಚ್ಚಿರಲಿಲ್ಲ.

ಮುಬೀನಾ ತನ್ನ ಕಾಲೇಜಿನ ಮಗ್ಗದ ಕೋಣೆಗೆ ರಜೆಯ ದಿನಗಳಲ್ಲಿ ನನ್ನನ್ನು ಕರೆದೊಯ್ಯಲು ಒಪ್ಪಿಗೆ ಪಡೆದಳು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿ? ಇಸ್ತ್ರಿಯವನ ಇದ್ದಿಲ ಪೆಟ್ಟಿಗೆಯದನ್ನು ಕೇಳಿದೆ. "ಬರ್ತನ್ ಮಾಂಜ್ನಾ ಹೈ, ಮಾತಾಜಿ?" ಎಂದು, ಪಾತ್ರೆ ತಿಕ್ಕಲು ಅಂದುಕೊಂಡು ಪೊಟ್ಟಣ ಕಟ್ಟಿಕೊಟ್ಟ. ಹಣಿಗೆಯಲ್ಲಿ ಉಳಿದಿದ್ದ ಹಳೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆದು ಕೂಡಿಸಲು ನಾಲ್ಕು ಭಾನುವಾರ ಹಿಡಿಯಿತು. ಉಳಿದ ಮೈಯನ್ನು ನಾನು ನೇಯ್ದೆ. ಈಗ ಕಾಲು ಎಟುಕುತ್ತಿತ್ತು, ಏಟು ಮಾತ್ರ ಹಾಗೆಯೇ ಮೆತ್ತಗೆ. ಸೆರಗು ಮುಬೀನಾಳದು.

ಸೀರೆ ಅದೇ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರ ಮಡಿಕೆಯೊಳಗೆ, ಅವ್ವನ ಗೇಣಿನ ಮೇಲೆ ಇಡುತ್ತೇನೆ. ಕನ್ನಡ ಓದುವುದು ನಿಮಗೆ ಕಷ್ಟ, ಅಮ್ಮನಿಂದ ಓದಿಸಿಕೊಳ್ಳಿ. ಸೀರೆಯನ್ನು ಯಾರಾದರೂ ಉಡಲಿ, ಹಾಳೆಗಳು ಜೋಪಾನ. ಇವಿಲ್ಲದಿದ್ದರೆ ಆ ಜಾಳನ್ನು ನೋಡಿದವರು ಬಟ್ಟೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.