ನಿರೀಕ್ಷಿತ ಉತ್ತರ

ಬದರೀನಾರಾಯಣ ಮೇಷ್ಟ್ರು ಎಂಟನೇ ತರಗತಿಯ ಕೊನೆಯ ಬೆಂಚಿನ ತುದಿಯಲ್ಲಿ ಕುಳಿತದ್ದೇ ತಪ್ಪಾಯಿತು. ಮಲ್ಲೇಶ್ವರದ ಬಿ.ಎಡ್. ಕಾಲೇಜಿನಿಂದ ಚಾಮರಾಜಪೇಟೆಯ ಈ ಶಾಲೆಗೆ ಪಾಠ ವೀಕ್ಷಣೆಗೆಂದು ಬಂದವರು ಅವರು. ಫೈಲನ್ನು ಎದೆಗೊತ್ತಿಕೊಂಡು, ಮುಖದ ಮೇಲೆ ವೀಕ್ಷಕರಿಗೆ ತಕ್ಕ ಗಾಂಭೀರ್ಯವನ್ನು ತಂದುಕೊಂಡು, ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಬಂದು ಕುಳಿತಿದ್ದರು. ಅಷ್ಟರಲ್ಲಿ ಸಮಾಜ ವಿಜ್ಞಾನದ ಪ್ರೇಮಲತಾ ಮಿಸ್ ಒಳಗೆ ಬಂದರು. ನಲವತ್ತೆರಡು ಮಕ್ಕಳು ಒಟ್ಟಿಗೆ ಎದ್ದು "ನಮಸ್ತೇ ಮಿಸ್" ಎಂದರು. ಕೊನೆಯ ಬೆಂಚಿನ ಮೂವರು ಹುಡುಗರೂ ಎದ್ದರು. ಎಂಬತ್ತಾರು ಕೆಜಿಯ ಮೇಷ್ಟ್ರು ಏಳಲಿಲ್ಲ. ಅವರ ಬದಲಿಗೆ ಬೆಂಚು ಎದ್ದಿತು. ಅದರ ಆ ತುದಿ ಕಿಟಕಿಯ ಎತ್ತರಕ್ಕೆ ಹೋಯಿತು, ಈ ತುದಿಯ ಮೇಷ್ಟ್ರು ನೆಲಕ್ಕೆ ಹೋದರು.

ಮಕ್ಕಳು ನಗು ತಡೆದುಕೊಂಡ ಸದ್ದು ಕುಕ್ಕರು ಕೂಗುವ ಮೊದಲಿನ ಸದ್ದಿನಂತಿತ್ತು. ಪ್ರೇಮಲತಾ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಡುವೆ ಕೂತ್ಕೊಳ್ಳಿ ಸಾರ್. ತುದಿ ಅಭ್ಯಾಸ ಇರೋರಿಗೆ."

ಅಷ್ಟೆ. ಏನಾಯಿತು, ಪೆಟ್ಟಾಯಿತೇ ಎಂಬ ವಿಚಾರಣೆಯಿಲ್ಲ. ಮೇಷ್ಟ್ರು ಪ್ಯಾಂಟು ಕೊಡವಿಕೊಂಡು ನಡುವೆ ಕುಳಿತರು. 'ಪರಿಣಾಮಕಾರಿ ಬೋಧನೆಯ ಹದಿನೇಳು ಸೂತ್ರಗಳು' ಎಂಬ ಟಿಪ್ಪಣಿಯನ್ನು ಸ್ವತಃ ಬರೆದು, ಝೆರಾಕ್ಸ್ ಮಾಡಿಸಿ ಹದಿನೆಂಟು ವರ್ಷದಿಂದ ಹಂಚುತ್ತಿದ್ದ ಅವರಿಗೆ, ಬೆಂಚಿನ ಮೇಲೆ ಕೂರುವುದರ ಬಗ್ಗೆ ಒಂದು ಸೂತ್ರವನ್ನೂ ಬರೆದಿಲ್ಲವಲ್ಲ ಎಂದು ಆಗ ಹೊಳೆಯಿತು.

ಅವತ್ತು ಅವರು ಬಂದದ್ದು ತಮ್ಮ ಬಿ.ಎಡ್. ವಿದ್ಯಾರ್ಥಿನಿ ರಮ್ಯಶ್ರೀಯ ಪಾಠ ನೋಡಲು. ಈ ಹುಡುಗಿ ಹೋದ ವರ್ಷ ವಾರ್ಷಿಕ ಪರೀಕ್ಷೆಯ ಪಾಠದಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ, ಚಾಕ್‌ಪೀಸು ಹಿಡಿದುಕೊಂಡು ನಾಲ್ಕು ನಿಮಿಷ ಮಾತಿಲ್ಲದೆ ನಿಂತು ಫೇಲಾಗಿದ್ದಳು. ಇದು ಎರಡನೇ ಸಲ. ಶೇಷಾದ್ರಿಪುರದ ಒಂದು ಶಾಲೆಯವರು ಜೂನ್‌ನಿಂದ ಕೆಲಸ ಕೊಡುತ್ತೇವೆ, ಪಾಸಾಗಿ ಬಾ ಎಂದಿದ್ದರು. ಫೇಲಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಪರೀಕ್ಷೆಗೆ ಇನ್ನು ಹತ್ತು ದಿನ.

ಬಿ.ಎಡ್. ಪಾಠ ಯೋಜನೆಯಲ್ಲಿ ಒಂದು ಪದ್ಧತಿಯಿದೆ. ಶಿಕ್ಷಕರು ಪಾಠದ ಹೆಸರನ್ನು ಸೀದಾ ಹೇಳುವಂತಿಲ್ಲ. ಪೀಠಿಕೆಯಾಗಿ ನಾಲ್ಕು ಪ್ರಶ್ನೆ ಕೇಳಬೇಕು. ಮೊದಲ ಮೂರಕ್ಕೆ ಮಕ್ಕಳು ಉತ್ತರ ಕೊಡಬೇಕು, ನಾಲ್ಕನೆಯದಕ್ಕೆ ಕೊಡಬಾರದು. ಆಗ ಶಿಕ್ಷಕರು "ಹಾಗಾದರೆ ಅದನ್ನೇ ಇಂದು ಕಲಿಯೋಣ" ಎಂದು ಹಲಗೆಯ ಮೇಲೆ ಪಾಠದ ಹೆಸರು ಬರೆಯಬೇಕು. ಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಒಂದು ಕಾಲಂ ಇರುತ್ತದೆ. ನಾಲ್ಕನೇ ಪ್ರಶ್ನೆಯ ಎದುರು ಅಲ್ಲಿ 'ಮೌನ' ಎಂದು ಬರೆಯುತ್ತಾರೆ. ಇದನ್ನು ಬದರೀನಾರಾಯಣರೂ ಹಾಗೇ ಕಲಿತಿದ್ದರು, ಹಾಗೇ ಕಲಿಸುತ್ತಿದ್ದರು.

ಪ್ರೇಮಲತಾ ಹಾಜರಿ ಮುಗಿಸಿ, ತರಗತಿಯನ್ನು ರಮ್ಯಶ್ರೀಗೆ ಬಿಟ್ಟು ಹೊರಗೆ ಹೋದರು. ಪಾಠ 'ಭಾರತದ ಪ್ರಮಾಣಿತ ಕಾಲ'. ಈಗ ಗಂಟೆ ಎಷ್ಟು? ಮಕ್ಕಳು ಹೇಳಿದರು. ಮುಂಬೈಯಲ್ಲಿ ಎಷ್ಟು? ಹೇಳಿದರು. ಸೂರ್ಯ ಮೊದಲು ಹುಟ್ಟುವುದು ಯಾವ ದಿಕ್ಕಿನ ಊರಲ್ಲಿ? ಅದನ್ನೂ ಹೇಳಿದರು. ಆಮೇಲೆ ನಾಲ್ಕನೆಯದು: "ಹಾಗಿದ್ರೂ ದೇಶಕ್ಕೆಲ್ಲ ಒಂದೇ ಟೈಮ್ ಯಾಕೆ?"

ಮೂರನೇ ಬೆಂಚಿನ ಸಾನ್ವಿ ಎದ್ದು ನಿಂತಳು.

"ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶ ಮಿಸ್! ಹೋದ್ ವಾರ ಬಂದಿದ್ರಲ್ಲ ಹಸಿರು ಸೀರೆ ಮಿಸ್, ಅವರೂ ಇದೇ ಕೇಳಿದ್ರು."

ಮಕ್ಕಳದ್ದಾಗಬೇಕಿದ್ದ ಮೌನ ರಮ್ಯಶ್ರೀಯದಾಯಿತು. ಚಾಕ್‌ಪೀಸು ಹಿಡಿದ ಕೈ ಹಲಗೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಮೇಷ್ಟ್ರು ವಾಚು ನೋಡಿಕೊಂಡರು. ಎರಡು ನಿಮಿಷ ನಲವತ್ತು ಸೆಕೆಂಡು. ಹೋದ ವರ್ಷಕ್ಕಿಂತ ಸುಧಾರಿಸಿದ್ದಾಳೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ.

ವೆರಾಂಡದಲ್ಲಿ ಹುಡುಗಿ ಅಳುತ್ತಿದ್ದಳು. ಮೇಷ್ಟ್ರು ಪ್ರೇಮಲತಾರನ್ನು ಪಕ್ಕಕ್ಕೆ ಕರೆದರು.

"ಮೇಡಂ, ಪರೀಕ್ಷೆ ದಿನ ಆ ಮೂರನೇ ಬೆಂಚಿನ ಹುಡುಗೀನ ಲೈಬ್ರರಿಗೆ ಕಳಿಸ್ಬಿಡೋಣ."

"ಲೈಬ್ರರಿ ಬೀಗದ ಕೈ ಕಳೆದು ಮೂರು ವರ್ಷ ಆಯ್ತು ಸಾರ್." ಆಮೇಲೆ ರಮ್ಯಶ್ರೀಯ ಕಡೆ ತಿರುಗಿ, "ಮೂರನೇ ಬೆಂಚಿನ ಹುಡುಗಿ ಹೆಸರೇನಮ್ಮ?" ಎಂದರು.

ರಮ್ಯಶ್ರೀಗೆ ಗೊತ್ತಿರಲಿಲ್ಲ.

"ನಾಳೆಯಿಂದ ಮೂರು ದಿನ ಪಾಠ ಬೇಡ. ಹಾಜರಿ ತಗೋ. ಪುಸ್ತಕ ನೋಡ್ದೆ."

ಪ್ರೇಮಲತಾರದ್ದು ಇದೇ ಚಾಮರಾಜಪೇಟೆ. ಅವರ ತಾಯಿ ಲಕ್ಕಮ್ಮನದು ತರಕಾರಿ ಅಂಗಡಿ. ಚಿಕ್ಕಂದಿನಲ್ಲಿ ಪ್ರೇಮಲತಾ ಹೋಂವರ್ಕ್ ಮಾಡುತ್ತಿದ್ದುದು ಆಲೂಗಡ್ಡೆ ಮೂಟೆಯ ಮೇಲೆ ಕೂತು. ಭೂಗೋಳ ಪುಸ್ತಕಕ್ಕೆ ಬರುವ ಮೊದಲೇ ಮೂಟೆಗಳಲ್ಲಿ ಬಂದಿತ್ತು: ಆಲೂಗಡ್ಡೆ ಹಾಸನ, ಟೊಮೇಟೊ ಕೋಲಾರ, ಕ್ಯಾರೆಟ್ಟು ಊಟಿ. ಲಕ್ಕಮ್ಮನಿಗೆ ಗಿರಾಕಿಗಳ ಜೊತೆ ಜಗಳವಾಡಿ ಗೊತ್ತಿರಲಿಲ್ಲ. ಯಾರಾದರೂ "ಈ ಬೀನ್ಸು ನಿನ್ನೇದು" ಎಂದರೆ ಆಕೆ ಕೇಳುತ್ತಿದ್ದುದು ಒಂದೇ ಮಾತು: "ಹೆಂಗ್ ಗೊತ್ತಾಯ್ತು?" ಗಿರಾಕಿ ಒಂದು ಬೀನ್ಸು ಮುರಿದು ತೋರಿಸಬೇಕು. ಅದು ಟಪ್ಪೆಂದು ಮುರಿದರೆ ಅವನು ಸೋತ. ಬಾಗಿದರೆ ಲಕ್ಕಮ್ಮ ಒಪ್ಪಿಕೊಂಡಳು. ಎರಡರಲ್ಲಿ ಯಾವುದಾದರೂ ನಾಲ್ಕು ಜನ ನಿಂತು ನೋಡುತ್ತಿದ್ದರು, ಕೊಂಡೂ ಹೋಗುತ್ತಿದ್ದರು.

ಇದೇ ಕೋಣೆಯಲ್ಲಿ ಪ್ರೇಮಲತಾ ಬಿ.ಎಡ್. ಪಾಠ ಮಾಡಿದಾಗ ಅವರ ವೀಕ್ಷಕರು ಬರೆದ ಷರಾ ಒಂದೇ ಸಾಲು: 'ಧ್ವನಿ ಮಾರುಕಟ್ಟೆಯದು.' ಆ ಹಾಳೆಯನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ಕೋಪಕ್ಕಲ್ಲ, ಅದರ ಹಿಂದುಗಡೆ ಟೈಮ್ ಟೇಬಲ್ ಬರೆದಿದ್ದರಿಂದ. ಆಮೇಲೆ ಇದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷದಿಂದ ಬಿ.ಎಡ್. ಮಕ್ಕಳಿಗೆ ತಮ್ಮ ತರಗತಿ ಬಿಟ್ಟುಕೊಟ್ಟು, ಹೊರಗೆ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಪೇಪರು ತಿದ್ದುತ್ತಾರೆ. ತಾವು ಒಳಗಿದ್ದರೆ ಮಕ್ಕಳು ತಮ್ಮ ಮುಖ ನೋಡಿ ಉತ್ತರ ಹೇಳುತ್ತವೆ ಎಂಬುದು ಅವರ ವಾದ.

ನಾಲ್ಕನೇ ದಿನ ಮೇಷ್ಟ್ರು ಮತ್ತೆ ಬಂದಾಗ ರಮ್ಯಶ್ರೀ ನಲವತ್ತೆರಡು ಹೆಸರನ್ನೂ ಕಣ್ಣುಮುಚ್ಚಿ ಹೇಳುತ್ತಿದ್ದಳು. ಆದರೆ ಅವಳ ಪಾಠ ಯೋಜನೆ ತೆರೆದು ನೋಡಿದ ಮೇಷ್ಟ್ರಿಗೆ ಬೆವರು ಕಿತ್ತುಕೊಂಡು ಬಂತು. 'ನಿರೀಕ್ಷಿತ ಉತ್ತರ'ದ ಕಾಲಂ ಮೇಲಿನಿಂದ ಕೆಳಗಿನವರೆಗೆ ಖಾಲಿ.

"ಇದಕ್ಕೆ ಐದು ಮಾರ್ಕ್ಸ್ ಇದೆಯಮ್ಮಾ!"

"ಪ್ರೇಮಲತಾ ಮಿಸ್ ಖಾಲಿ ಬಿಡು ಅಂದ್ರು ಸಾರ್. ಯಾರು ಏನು ಹೇಳಿದ್ರೂ 'ಹೆಂಗ್ ಗೊತ್ತಾಯ್ತು' ಅಂತ ಕೇಳು ಅಂದ್ರು. ಸರಿ ಇದ್ರೂ, ತಪ್ಪಿದ್ರೂ."

ಹದಿನೇಳು ಸೂತ್ರಗಳಲ್ಲಿ ಇದಿರಲಿಲ್ಲ. ಮೇಷ್ಟ್ರಿಗೆ ಆರು ದಿನ ಸರಿಯಾಗಿ ಊಟ ಸೇರಲಿಲ್ಲ, ಹಾಗೆಂದರೆ ಅವರ ಮನೆಯವರು ನಂಬಲಿಲ್ಲ.

ಪರೀಕ್ಷೆಯ ದಿನ ಅವರು ಮೆಟ್ರೋ ಇಳಿದು ಹೆಚ್ಚು ಕಡಿಮೆ ಓಡುತ್ತಲೇ ಬಂದರು. ಇನ್ನೂ ಯಾರೂ ಬಂದಿರಲಿಲ್ಲ; ಮಕ್ಕಳು ಮಾತ್ರ ಇದ್ದರು. ಸಹಾಯ ಮಾಡುವ ಚಪಲ ಅವರನ್ನು ತರಗತಿಯೊಳಗೆ ತಳ್ಳಿತು.

"ನೋಡಿ ಮಕ್ಕಳೇ, ಇವತ್ತು ರಮ್ಯಶ್ರೀ ಮಿಸ್ ನಾಲ್ಕನೇ..." ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆಯ ಸದ್ದಿನಡಿ ಉಳಿದದ್ದನ್ನು ಕೂಗಿ ಮುಗಿಸಿದರು: "...ಪ್ರಶ್ನೆ ಕೇಳಿದಾಗ ಯಾರೂ ಬಾಯಿ ಬಿಡಬಾರದು!"

ಪರೀಕ್ಷಕ ಮಲ್ಲಿಕಾರ್ಜುನಯ್ಯನವರು ಬಂದು ಕೊನೆಯ ಬೆಂಚಿನ ತುದಿಗೆ ನಡೆದರು. "ಸಾರ್, ನಡುವೆ ಕೂತ್ಕೊಳ್ಳಿ" ಎಂದು ಮೇಷ್ಟ್ರು ಅನುಭವಸ್ಥರ ಧ್ವನಿಯಲ್ಲಿ ಪಿಸುಗುಟ್ಟಿದರು. ಆ ದಿನ ಅವರಿಂದ ಆದ ಉಪಕಾರ ಅದೊಂದೇ.

ರಮ್ಯಶ್ರೀ ನಕ್ಕು ಕೇಳಿದಳು: "ಈಗ ಗಂಟೆ ಎಷ್ಟು?"

ಯಾರೂ ಮಾತಾಡಲಿಲ್ಲ. ನಲವತ್ತೆರಡು ಜನ ತುಟಿ ಬಿಗಿದುಕೊಂಡು ಕುಳಿತಿದ್ದರು. ಗೋಡೆಯ ಮೇಲೆ ಗಡಿಯಾರ ಎಲ್ಲರ ಕಣ್ಣೆದುರಿಗೇ ಟಿಕ್ ಟಿಕ್ ಎನ್ನುತ್ತಿತ್ತು. ಪರೀಕ್ಷಕರು ಪೆನ್ನಿನ ಕ್ಯಾಪು ತೆಗೆದರು. ಗಂಟೆಯ ಸದ್ದು ನುಂಗಿದ್ದು 'ನಾಲ್ಕನೇ' ಎಂಬ ಪದವನ್ನು ಎಂದು ಮೇಷ್ಟ್ರಿಗೆ ಅರ್ಥವಾಯಿತು. ಶೇಷಾದ್ರಿಪುರದ ಕೆಲಸವನ್ನು ತಾವೇ ಕೈಯಾರೆ ಹಾಳುಮಾಡಿದ್ದರು.

ರಮ್ಯಶ್ರೀಯ ಚಾಕ್‌ಪೀಸು ಒಂದು ಕ್ಷಣ ನಿಂತಿತು. ಆಮೇಲೆ ಕೆಳಗಿಳಿಯಿತು.

"ಸಾನ್ವಿ, ಯಾಕಮ್ಮ ಯಾರೂ ಮಾತಾಡ್ತಿಲ್ಲ?"

"ಮಾತಾಡಬಾರದು ಮಿಸ್."

"ಹೆಂಗ್ ಗೊತ್ತಾಯ್ತು?"

"ಹಿಂದೆ ಕೂತಿದಾರಲ್ಲ, ಬೆಂಚಿಂದ ಬಿದ್ದ ಸಾರ್, ಅವರು ಹೇಳಿದ್ರು."

ಹತ್ತು ದಿನದಿಂದ ತಡೆದಿಟ್ಟಿದ್ದ ನಗು ಒಟ್ಟಿಗೆ ಒಡೆಯಿತು. ಮಲ್ಲಿಕಾರ್ಜುನಯ್ಯನವರ ಹೊಟ್ಟೆ ಕುಣಿಯುವುದು ಬೆಂಚಿನ ಮೂಲಕ ಮೇಷ್ಟ್ರಿಗೆ ತಿಳಿಯಿತು. ರಮ್ಯಶ್ರೀಯೂ ನಕ್ಕಳು. "ಸಾರ್ ಹತ್ರ ನಾನು ಪರ್ಮಿಷನ್ ತಗೋತೀನಿ, ನೀವು ಮಾತಾಡಿ" ಎಂದಳು.

ಮಾತಾಡಿದರು. ಸಾನ್ವಿ ಎಂದಿನಂತೆ ಎಂಬತ್ತೆರಡೂವರೆ ಡಿಗ್ರಿ ಎಂದಳು. "ಹೆಂಗ್ ಗೊತ್ತಾಯ್ತು?" ಎಂದರೆ ಸಾನ್ವಿಗೆ ಹಸಿರು ಸೀರೆ ಬಿಟ್ಟು ಬೇರೆ ಆಧಾರವಿರಲಿಲ್ಲ. ಆಗ ಹಿಂದಿನಿಂದ ಸಮರ್ಥ ಎಂಬ ಹುಡುಗ ಎದ್ದ. ಅವನ ಸೋದರಮಾವ ಅಸ್ಸಾಂನಲ್ಲಿ ಮಿಲಿಟರಿಯಲ್ಲಿದ್ದಾನೆ. ಚಳಿಗಾಲದ ಸಂಜೆ ಐದೂವರೆಗೆ ವಿಡಿಯೋ ಕಾಲ್ ಮಾಡಿದರೆ ಅಲ್ಲಿ ಕತ್ತಲು, ಇಲ್ಲಿ ಇನ್ನೂ ಬಿಸಿಲು, ಆದರೆ ಇಬ್ಬರ ಫೋನಿನಲ್ಲೂ ಒಂದೇ ಟೈಮ್. ಅಲ್ಲಿಂದ ಪಾಠ ತಾನೇ ನಡೆಯಿತು. ಸೂರ್ಯನ ಮಾತು ಕೇಳಿದರೆ ಊರಿಗೊಂದು ಗಡಿಯಾರ ಬೇಕಾಗುತ್ತದೆ, ಆಗ ರೈಲಿನ ಗತಿಯೇನು ಎಂದು ಮಕ್ಕಳೇ ಕೇಳಿ, ಮಕ್ಕಳೇ ನಡುವಿನ ಒಂದು ರೇಖೆಗೆ ಒಪ್ಪಿಕೊಂಡರು. ಗಂಟೆ ಹೊಡೆದಾಗ ರಮ್ಯಶ್ರೀ ಹಲಗೆಯ ಮೇಲೆ ಪಾಠದ ಹೆಸರು ಬರೆಯುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಪರೀಕ್ಷಕರು ಅಂಕ ಬರೆದರು. ಮೇಷ್ಟ್ರು ಎದುರು ಕೂತು ತಲೆಕೆಳಗಾಗಿ ಓದುವ ವಿದ್ಯೆಯನ್ನು ಪ್ರಯೋಗಿಸಿದರು: ಎಂಬತ್ತೊಂದು. ಅದು ಹದಿನೆಂಟಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡ ಮೇಲೆ ಅವರಿಗೆ ಹತ್ತು ದಿನದ ಉಸಿರು ಒಟ್ಟಿಗೆ ಬಂತು. ಬಾಗಿಲಲ್ಲಿ ನಿಂತಿದ್ದ ರಮ್ಯಶ್ರೀಗೆ ಹೆಬ್ಬೆರಳು ತೋರಿಸಿದರು. ಅವಳು ಮುಖ ಮುಚ್ಚಿಕೊಂಡು ವೆರಾಂಡದ ಕಡೆ ಓಡಿದಳು; ಈ ಸಲದ ಅಳು ಬೇರೆ ಥರದ್ದಾಗಿತ್ತು.

ಪ್ರೇಮಲತಾ ಮೂಲೆಯಲ್ಲಿ ಪೇಪರು ತಿದ್ದುತ್ತಿದ್ದರು. ಮಲ್ಲಿಕಾರ್ಜುನಯ್ಯನವರು ಸಹಿ ಹಾಕಿ, ಪಾಠ ಯೋಜನೆಯನ್ನು ಇನ್ನೊಮ್ಮೆ ತಿರುವಿ, ಹುಬ್ಬು ಗಂಟಿಕ್ಕಿದರು.

"ಪಾಠ ಚೆನ್ನಾಗಿತ್ತು ಮೇಡಂ, ಅದಕ್ಕೆ ಐದು ಮಾರ್ಕ್ಸ್ ಮಾತ್ರ ಕಳೆದಿದೀನಿ. ಆದ್ರೆ ಈ 'ನಿರೀಕ್ಷಿತ ಉತ್ತರ'ದ ಕಾಲಂ ಯಾಕೆ ಖಾಲಿ ಇದೆ?"

ಪ್ರೇಮಲತಾ ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

"ಮಕ್ಳು ಇನ್ನೂ ಹೇಳಿರ್ಲಿಲ್ಲ ಸಾರ್."