ಸೌಂಡ್ ಇಲ್ಲದ ರಾಕೆಟ್

ಗೆಳೆಯರೇ, ಇಪ್ಪತ್ತು ವರ್ಷ ಫಿಸಿಕ್ಸ್ ಕಲಿಸಿದ್ದಕ್ಕ ಇವತ್ತು ಹೊಸಪೇಟಿ ಟಾಕೀಸಿನಾಗ ಫಲ ಸಿಕ್ತು. ಬಾಹ್ಯಾಕಾಶದ ಸಿನಿಮಾ. ರಾಕೆಟ್ ಸಿಡೀತು, ಒಂಚೂರೂ ಸಪ್ಪಳಿಲ್ಲ. ಅಪರೂಪಕ್ಕ ಒಬ್ಬ ಡೈರೆಕ್ಟರ್ ಪಾಠ ಸರಿಯಾಗಿ ಓದಿದ್ದ! ಆದ್ರ ಟಾಕೀಸ್ ತುಂಬ ಸಿಳ್ಳಿ: "ಲೇ ಆಪರೇಟರ್, ಸೌಂಡ್ ಕೊಡಲೇ!" ನನ್ನ ಪಕ್ಕದಾಗಿದ್ದ ಲಾರಿ ಮಾಲೀಕರು ಕುರ್ಚಿ ಮ್ಯಾಲೆ ನಿಂತೇಬಿಟ್ರು.

"ಸಾವ್ಕಾರ್ರ, ಅಲ್ಲಿ ಗಾಳಿ ಇಲ್ರಿ, ಸಪ್ಪಳ ಬರಂಗಿಲ್ಲ" ಅಂದೆ.

"ಗಾಳಿ ಇಲ್ದಿದ್ರ ಏನಾತ್ರಿ ಮೇಷ್ಟ್ರ, ನಾವು ಬಾಲ್ಕನಿ ಟಿಕೆಟ್ ತಗಂಡೀವಿ!"

ಅಷ್ಟರಾಗ ಹೊರಗ ರೋಡಿನಾಗ ನಿಂತಿದ್ದ ಅದಿರು ಲಾರಿಗಳು ಒಟ್ಟಿಗೇ ಹಾರ್ನ್ ಹೊಡೆದ್ವು. ಗ್ವಾಡಿ ನಡುಗಿದ್ವು.

"ಹಾಂ, ಈಗ ಬಂತು ನೋಡ್ರಿ" ಅಂತ ಸಾವ್ಕಾರ್ರು ಸಮಾಧಾನದಿಂದ ಕುಂತ್ರು. ಆಪರೇಟರಿಗೆ ಚಪ್ಪಾಳಿ ಬ್ಯಾರೆ.

ನಾಳೆ ಕ್ಲಾಸಿನಾಗ ತಿದ್ದಿ ಹೇಳಬೇಕು: ನಿರ್ವಾತದಾಗ ಶಬ್ದ ಹರಿಯಂಗಿಲ್ಲ, ನಮ್ಮ ಹೊಸಪೇಟಿ ಒಂದು ಬಿಟ್ಟು.